ಜನಜಂಗುಳಿಯ ಹೋಟೆಲಿನಲ್ಲಿ ಗಿರಾಕಿಗಳನ್ನೂ ಕೆಲಸದವರನ್ನೂ ಗಮನಿಸಿ ಬರೆಯುವುದು ಹೇಗೆ?

ಪ್ರಶ್ನೆ: ಕಡಿಯಾಳಿಯ ಓದುಗ

ಉಡುಪಿಯ ರಥಬೀದಿಗೆ ಸಮೀಪದಲ್ಲಿರುವ ಹಳೆಯ ಹೋಟೆಲೊಂದರಲ್ಲಿ ಬೆಳಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ನಡೆಯುವ ವಹಿವಾಟಿನ ಬಗ್ಗೆ ಒಂದು ದೀರ್ಘ ಲೇಖನ ಬರೆಯಬೇಕೆಂದಿದ್ದೇನೆ. ಗೋಳಿಬಜೆ, ಬನ್ಸ್, ಮಸಾಲೆದೋಸೆಗಳ ರುಚಿಯನ್ನು ಕೊಂಡಾಡುವ ಬರಹಗಳು ಬೇಕಾದಷ್ಟು ಬಂದಿರುವುದರಿಂದ ಅವುಗಳಿಗೆ ಇನ್ನೊಂದನ್ನು ಸೇರಿಸುವ ಉದ್ದೇಶ ನನಗಿಲ್ಲ. ಅಲ್ಲಿಗೆ ಬರುವವರು ಮತ್ತು ಅಲ್ಲಿ ದುಡಿಯುವವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ, ಕುಳಿತವರ ಬೆನ್ನ ಹಿಂದೆಯೇ ಇನ್ನೊಬ್ಬರು ಕುರ್ಚಿಗಾಗಿ ಕಾದು ನಿಲ್ಲುವಷ್ಟು ಜನ ಸೇರಿದಾಗಲೂ ಕೆಲಸ ಹೇಗೆ ತಡೆಯಿಲ್ಲದೆ ಸಾಗುತ್ತದೆ ಎಂಬುದನ್ನು ಬರೆಯಬೇಕೆಂಬುದು ನನ್ನ ಆಸೆ.

ನಾನು ನಿವೃತ್ತ ಬ್ಯಾಂಕ್ ನೌಕರ. ಕೌಂಟರಿನ ಎದುರು ಸರತಿಯಲ್ಲಿ ನಿಂತವರ ಮುಖ ನೋಡುತ್ತಲೇ ಉದ್ಯೋಗಜೀವನವನ್ನು ಕಳೆದವನಾದ್ದರಿಂದ ಜನರನ್ನು ಗಮನಿಸುವುದು ನನಗೆ ಹೊಸದಲ್ಲ. ಆದರೆ ಗಮನಿಸಿದ್ದನ್ನು ಬರಹಕ್ಕೆ ಇಳಿಸುವಾಗ ಎಲ್ಲವೂ ಬಿಡಿಬಿಡಿಯಾಗಿ ಉಳಿದುಬಿಡುತ್ತಿದೆ. ಏಳು ಗಂಟೆಯ ಹೊತ್ತಿಗೆ ಬರುವವರನ್ನೇ ನೋಡಿ. ಕೃಷ್ಣಮಠದಲ್ಲಿ ದರ್ಶನ ಮುಗಿಸಿಕೊಂಡು ಬರುವ ಪರವೂರಿನ ಕುಟುಂಬಗಳು ಗೋಡೆಯ ಮೇಲಿನ ತಿಂಡಿಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ತಮ್ಮತಮ್ಮಲ್ಲಿ ಚರ್ಚಿಸಿ, ಕೊನೆಗೆ ಹೆಚ್ಚಿನವರು ಮಸಾಲೆದೋಸೆಯನ್ನೇ ಹೇಳುತ್ತಾರೆ. ಹೂ ಮಾರುವವರು, ಬಸ್ಸಿನ ಕಂಡಕ್ಟರುಗಳು, ಅಂಗಡಿ ತೆರೆಯುವ ಮೊದಲು ಬರುವ ವ್ಯಾಪಾರಿಗಳು ಆ ಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅವರಲ್ಲಿ ಕೆಲವರು ಬಾಯಿ ತೆರೆಯುವ ಮೊದಲೇ ಮುಂದೆ ಸಜ್ಜಿಗೆ-ಅವಲಕ್ಕಿಯ ತಟ್ಟೆ ಬಂದಿರುತ್ತದೆ. ಸಪ್ಲಾಯರ್‌ಗಳಲ್ಲಿ ಒಬ್ಬರು ಬಾಗಲಕೋಟೆ ಕಡೆಯವರು. ಅವರು ಒಂದು ಮೇಜಿನಲ್ಲಿ "ದಾದ ಬೋಡು?" ಎಂದು ತುಳುವಿನಲ್ಲಿ ವಿಚಾರಿಸಿ, ಪಕ್ಕದ ಮೇಜಿನ ಶಿವಮೊಗ್ಗದವರೊಡನೆ ಕನ್ನಡಕ್ಕೆ ತಿರುಗಿ, ಅದರಾಚೆಯ ವಿದ್ಯಾರ್ಥಿಗಳಿಗೆ ಹಿಂದಿಯಲ್ಲಿ ಉತ್ತರಿಸುವುದನ್ನು ಕೇಳಿದ್ದೇನೆ. ಮಳೆಗಾಲದ ಈ ದಿನಗಳಲ್ಲಿ ಕಿಟಕಿಯ ಸರಳಿಗೆ ತೂಗುಹಾಕಿದ ಒದ್ದೆ ಕೊಡೆಗಳಲ್ಲಿ ಯಾವುದು ಯಾರದೆಂಬುದೂ ಅವರಿಗೆ ನೆನಪಿರುತ್ತದೆ. ಮರೆತು ಹೊರಟವರನ್ನು ಬಾಗಿಲಲ್ಲೇ ತಡೆದು ಕೊಡೆಯನ್ನು ಕೈಗೆ ಕೊಡುತ್ತಾರೆ.

ಇಂಥ ಸಂಗತಿಗಳು ನನ್ನ ಪುಸ್ತಕದ ತುಂಬ ಇವೆ, ಆದರೆ ಇವುಗಳನ್ನು ಹಿಡಿದಿಡುವ ಎಳೆ ಸಿಕ್ಕಿಲ್ಲ. ಎಲ್ಲಿ ಕುಳಿತು, ಏನನ್ನು ಮುಖ್ಯವಾಗಿ ನೋಡಬೇಕು? ನಾನು ಬರೆಯುತ್ತಿರುವುದನ್ನು ಕೆಲಸದವರಿಗೆ ಮೊದಲೇ ತಿಳಿಸಿದರೆ ಅವರ ನಡವಳಿಕೆ ಬದಲಾಗಬಹುದು, ತಿಳಿಸದಿದ್ದರೆ ಅದು ಸರಿಯೇ ಎಂಬ ಸಂದೇಹವಿದೆ. ಜನ ಕಾಯುತ್ತಿರುವಾಗ ಒಂದು ಕಾಫಿಯ ನೆಪದಲ್ಲಿ ಕುರ್ಚಿ ಹಿಡಿದು ಕೂರುವುದೂ ಮನಸ್ಸಿಗೆ ಒಪ್ಪುವುದಿಲ್ಲ. ಹೋಟೆಲಿನ ಕೆಲಸವನ್ನು ಒಳಗಿನಿಂದ ಬಲ್ಲವರು ಅಥವಾ ಇಂಥ ಅಧ್ಯಯನ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ: ಬ್ರಹ್ಮಾವರದ ಹೋಟೆಲಿನವನು

ಕಡಿಯಾಳಿಯವರಿಗೆ ನಮಸ್ಕಾರ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮುಂಬಯಿಯ ಹೋಟೆಲೊಂದರಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿ, ಆಮೇಲೆ ಸಪ್ಲಾಯರ್ ಆಗಿ, ಈಗ ಊರಿನಲ್ಲಿ ಸ್ವಂತ ಹೋಟೆಲು ನಡೆಸುತ್ತಿರುವವನು ನಾನು. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಏಕೆಂದರೆ ಹೋಟೆಲಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಟ್ಟೆಯನ್ನು ನೋಡುತ್ತಾರೆಯೇ ಹೊರತು ಅದನ್ನು ತಂದ ಕೈಯನ್ನು ನೋಡುವುದಿಲ್ಲ.

ನಿಮಗೆ ಬೇಕಾದ ಎಳೆ ಆರ್ಡರಿನಲ್ಲಿದೆ ಎಂದು ನನ್ನ ಅಭಿಪ್ರಾಯ. ಒಂದು ಆರ್ಡರನ್ನು ಗಿರಾಕಿಯ ಬಾಯಿಂದ ಹೊರಟಲ್ಲಿಂದ ಹಿಡಿದು ಅಡುಗೆಮನೆಯ ಕಿಂಡಿ, ಕಾವಲಿ, ಮೇಜು, ಕೊನೆಗೆ ಗಲ್ಲಾದವರೆಗೆ ಹಿಂಬಾಲಿಸಿರಿ. ದಾರಿಯಲ್ಲಿ ಹೋಟೆಲಿನ ಎಲ್ಲರೂ ನಿಮಗೆ ಸಿಗುತ್ತಾರೆ.

ಕಾವಲಿಯ ಸಂಗತಿಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಮಸಾಲೆದೋಸೆ ಹೆಚ್ಚು ಹೋಗುವ ಹೋಟೆಲಿನಲ್ಲಿ ಬೆಳಗಿನ ಹೊತ್ತು ಕಾಲವನ್ನು ಅಳೆಯುವುದು ಗೋಡೆಯ ಗಡಿಯಾರಕ್ಕಿಂತ ಹೆಚ್ಚಾಗಿ ಕಾವಲಿ. ಗಿರಾಕಿಗಳು ಕೇಳಿದಂತೆಲ್ಲ ಒಂದೊಂದೇ ದೋಸೆ ಹೊಯ್ಯುವುದು ಸಾಧ್ಯವಿಲ್ಲ. ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಗುಡಿಸಿ, ಸಾಲಾಗಿ ಹತ್ತು-ಹನ್ನೆರಡು ದೋಸೆಗಳನ್ನು ಒಟ್ಟಿಗೆ ಹೊಯ್ಯುತ್ತಾರೆ. ಎಣ್ಣೆ ಬಿಟ್ಟು, ಬಾಜಿ ಇಟ್ಟು, ಎಲ್ಲವನ್ನೂ ಮಡಚಿ ತೆಗೆಯುವವರೆಗೆ ಇನ್ನೊಂದಕ್ಕೆ ಅಲ್ಲಿ ಜಾಗವಿರುವುದಿಲ್ಲ. ಹಿಟ್ಟು ಬಿದ್ದ ಮೇಲೆ ಬಂದ ಆರ್ಡರು ಮುಂದಿನ ಸರದಿಗೆ ಕಾಯಲೇಬೇಕು. ಆದ್ದರಿಂದ ಚುರುಕಾದ ಸಪ್ಲಾಯರ್ ತನ್ನ ಮೇಜುಗಳ ಮೇಲೆ ಇಟ್ಟಷ್ಟೇ ಗಮನವನ್ನು ಕಾವಲಿಯ ಮೇಲೂ ಇಟ್ಟಿರುತ್ತಾನೆ. ಭಟ್ಟರು ಹಿಡಿಸೂಡಿ ಎತ್ತಿಕೊಂಡದ್ದು ಕಣ್ಣಿಗೆ ಬಿತ್ತೆಂದರೆ, ಗಿರಾಕಿ ಇನ್ನೂ ಹೇಳುತ್ತಿರುವಾಗಲೇ ತಿರುಗಿ "ಮೂರು ಮಸಾಲೆ" ಎಂದು ಒಳಗೆ ಕೂಗಿ, ಆಮೇಲೆ ಮೇಜಿಗೆ ಬಂದು ಉಳಿದದ್ದನ್ನು ಕೇಳಿಸಿಕೊಳ್ಳುತ್ತಾನೆ. ಮಾತಿನ ನಡುವೆ ಮುಖ ತಿರುಗಿಸಿದನೆಂದು ಕೆಲವರಿಗೆ ಬೇಸರವಾಗುತ್ತದೆ. ಅವರ ಪಾಲಿಗೆ ಒಂದು ಇಡೀ ಸರದಿಯ ಕಾಯುವಿಕೆಯನ್ನು ಅವನು ಉಳಿಸಿಕೊಟ್ಟಿದ್ದಾನೆಂಬುದು ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ. ನೀವು ಕಿಂಡಿಯೂ ಮೇಜೂ ಎರಡೂ ಕಾಣುವ ಜಾಗದಲ್ಲಿ ಕುಳಿತರೆ ಇದು ಮೊದಲ ದಿನವೇ ಗೋಚರಿಸುತ್ತದೆ.

ಎರಡನೆಯ ಸಂಗತಿ ಲೆಕ್ಕದ್ದು. ನಮ್ಮ ಕಡೆಯ ಹೋಟೆಲುಗಳಲ್ಲಿ ನಾಲ್ಕು ಕುರ್ಚಿಯ ಮೇಜಿಗೆ ಪರಸ್ಪರ ಪರಿಚಯವಿಲ್ಲದ ನಾಲ್ವರು ಬಂದು ಕೂರುತ್ತಾರೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುತ್ತಾರೆ, ಒಂದೊಂದು ಹೊತ್ತಿಗೆ ಏಳುತ್ತಾರೆ, ನಡುವೆ ಒಬ್ಬರು ಇನ್ನೊಂದು ಚಾ ಹೇಳಿರುತ್ತಾರೆ. ಚೀಟಿ ಬರೆಯುವ ಪದ್ಧತಿ ಇಲ್ಲದ ದಿನಗಳಲ್ಲಿ ನಾವು ಲೆಕ್ಕವನ್ನು ಗಿರಾಕಿಯ ಮುಖಕ್ಕಿಂತ ಅವರು ಕುಳಿತ ಕುರ್ಚಿಯೊಡನೆ ಸೇರಿಸಿ ನೆನಪಿಟ್ಟುಕೊಳ್ಳುತ್ತಿದ್ದೆವು. ಯಾರಾದರೂ ಗಾಳಿ ಬರುವುದೆಂದು ಫ್ಯಾನಿನ ಕೆಳಗಿನ ಕುರ್ಚಿಗೆ ಸರಿದರೆ ಇಡೀ ಮೇಜಿನ ಲೆಕ್ಕವನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಿಕೊಳ್ಳಬೇಕಾಗುತ್ತಿತ್ತು. ಗಿರಾಕಿ ಕೈತೊಳೆಯಲು ಎದ್ದಾಗಲೇ ಮೊತ್ತವನ್ನು ಗಲ್ಲಾಕ್ಕೆ ಕೂಗಿ ಹೇಳುತ್ತಿದ್ದೆವು; "ನೀಲಿ ಅಂಗಿ, ಹದಿನಾರು" ಎಂದರೆ ಯಜಮಾನರಿಗೆ ಸಾಕಾಗುತ್ತಿತ್ತು. ಈಗ ಬಿಲ್ಲಿನ ಯಂತ್ರ ಬಂದಿದೆ, ಆದರೆ ಯಾರ ತಟ್ಟೆ ಯಾರಿಗೆ ಎಂಬುದನ್ನು ಇಂದಿಗೂ ನೆನಪೇ ನಡೆಸುತ್ತದೆ.

ಸಪ್ಲಾಯರ್ ಗಿರಾಕಿಯ ಕೈಗಳನ್ನು ನೋಡುತ್ತಿರುತ್ತಾನೆ ಎಂಬುದನ್ನೂ ಗಮನಿಸಿರಿ. ಇಡ್ಲಿಯ ಕೊನೆಯ ತುಂಡಿನಿಂದ ತಟ್ಟೆಯ ಅಂಚಿನ ಚಟ್ನಿಯನ್ನು ಒರೆಸಿಕೊಳ್ಳುವವರು ಇನ್ನೊಂದು ಸಲ ಚಟ್ನಿ ಕೇಳುವವರು. ಲೋಟವನ್ನು ತಟ್ಟೆಯಿಂದ ದೂರ ಸರಿಸಿದವರು ಏಳುವವರು. ಕೇಳುವ ಮೊದಲೇ ಬಂದು ನಿಂತನೆಂದು ನಿಮಗೆ ಅನ್ನಿಸುವುದರ ಹಿಂದೆ ಇಂಥ ಗುರುತುಗಳಿವೆ, ಅವನ್ನು ಯಾರೂ ಹೇಳಿಕೊಡುವುದಿಲ್ಲ.

ಬಿಲ್ಲಿನ ತಟ್ಟೆಯ ಬಗ್ಗೆಯೂ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಸೋಂಪಿನ ಜೊತೆ ಚಿಲ್ಲರೆ ಮರಳಿ ಬರುತ್ತಿದ್ದ ಕಾಲದಲ್ಲಿ ಅದರಲ್ಲಿ ಒಂದೆರಡು ನಾಣ್ಯ ಉಳಿಯುವುದು ಸಹಜವಾಗಿತ್ತು. ಈಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಬಿಲ್ಲಿನಷ್ಟೇ ಹಣ ಕಳುಹಿಸುವುದರಿಂದ ಯಜಮಾನನಿಗೆ ಚಿಲ್ಲರೆಯ ತಾಪತ್ರಯ ತಪ್ಪಿದೆ, ಆದರೆ ಸಪ್ಲಾಯರ್‌ನ ಟಿಪ್ಸ್ ನನ್ನ ಹೋಟೆಲಿನಲ್ಲಂತೂ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಗಿರಾಕಿಗಳು ಜಿಪುಣರಾದರೆಂದು ನಾನು ಹೇಳಲಾರೆ. ಕೊಡುವ ಕೈಗೂ ಪಡೆಯುವ ಕೈಗೂ ನಡುವೆ ಇದ್ದ ತಟ್ಟೆ ಇಲ್ಲವಾಗಿದೆ.

ಕುರ್ಚಿಯ ವಿಷಯದಲ್ಲಿ ನಿಮ್ಮ ಸಂಕೋಚ ಸರಿಯಾದದ್ದೇ. ಗೋಡೆಗೆ ಮುಖಮಾಡಿದ ಒಂಟಿ ಕುರ್ಚಿಯಿದ್ದರೆ ಅದನ್ನು ಕೇಳಿ, ಜನ ನಿಂತಾಗ ಎದ್ದು ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿರಿ. ಒಂಬತ್ತೂವರೆಗೆ ಮನೆಗೆ ಹೊರಡಬೇಡಿರಿ. ಅಬ್ಬರ ಇಳಿದ ಮೇಲೆ ಕೆಲಸದವರು ಹಿಂದಿನ ಕೋಣೆಯಲ್ಲಿ ತಿಂಡಿಗೆ ಕೂರುವ ಅರ್ಧ ಗಂಟೆಯಲ್ಲಿ, ಬೆಳಗ್ಗೆಯಿಂದ ಏನೇನಾಯಿತೆಂದು ಅವರವರೇ ಮಾತನಾಡಿಕೊಳ್ಳುತ್ತಾರೆ. ಕರೆದರೆ ಮಾತ್ರ ಅಲ್ಲಿಗೆ ಹೋಗಿರಿ.


ಉತ್ತರ: ಕೊಣಾಜೆಯ ಅಧ್ಯಾಪಕಿ

ಬ್ರಹ್ಮಾವರದವರು ಹೇಳಿದ "ಆರ್ಡರನ್ನು ಹಿಂಬಾಲಿಸಿರಿ" ಎಂಬ ಮಾತು ನಾನು ತರಗತಿಯಲ್ಲಿ ಹೇಳಬಹುದಾದುದಕ್ಕಿಂತ ಚೆನ್ನಾಗಿದೆ. ಸಮಾಜಶಾಸ್ತ್ರ ಕಲಿಸುವವಳಾಗಿ ಅದಕ್ಕೆ ಕೆಲವನ್ನು ಸೇರಿಸುತ್ತೇನೆ.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ 1940ರ ದಶಕದಲ್ಲಿ ಚಿಕಾಗೋ ನಗರದ ಹೋಟೆಲುಗಳನ್ನು ಹೀಗೆಯೇ ಗಮನಿಸಿದ್ದರು. ಬಡಿಸುವ ಹೆಂಗಸರಿಗೂ ಅಡುಗೆಯ ಕಡೆಯ ಗಂಡಸರಿಗೂ ನಡೆಯುತ್ತಿದ್ದ ಜಗಳಗಳಿಗೆ ವ್ಯಕ್ತಿಗಳ ಸ್ವಭಾವಕ್ಕಿಂತ ಕೆಲಸದ ಏರ್ಪಾಡೇ ಹೆಚ್ಚಿನ ಕಾರಣವೆಂದು ಅವರು ಕಂಡುಕೊಂಡರು. ಸ್ಥಾನದಲ್ಲಿ ಕೆಳಗಿನವರೆಂದು ಎಣಿಸಲ್ಪಟ್ಟವರು ಮೇಲಿನವರಿಗೆ "ಇದು ಬೇಕು, ಬೇಗ ಬೇಕು" ಎಂದು ಕೂಗಿ ಹೇಳಬೇಕಾದಾಗ ಮೇಲಿನವರಿಗೆ ಅದು ಅಪ್ಪಣೆಯಂತೆ ಕೇಳಿಸುತ್ತಿತ್ತು. ಅದೇ ಆರ್ಡರನ್ನು ಚೀಟಿಯಲ್ಲಿ ಬರೆದು ಮೊಳೆಗೆ ಚುಚ್ಚಿಟ್ಟು, ಅಡುಗೆಯವರು ತಾವಾಗಿ ತೆಗೆದುಕೊಳ್ಳುವ ವ್ಯವಸ್ಥೆಯಿದ್ದಲ್ಲಿ ಘರ್ಷಣೆ ಕಡಿಮೆಯಾಗಿತ್ತು. ನಿಮ್ಮ ಹೋಟೆಲಿನ ಕಿಂಡಿಯ ಬಳಿ ಯಾವ ಧ್ವನಿಯಲ್ಲಿ ಮಾತು ನಡೆಯುತ್ತದೆಂಬುದನ್ನು ಕೇಳಿಸಿಕೊಳ್ಳಿರಿ. ಹೊಸದಾಗಿ ಸೇರಿದ ಸಪ್ಲಾಯರ್ "ಭಟ್ರೇ, ಎರಡು ಮಸಾಲೆ ಉಂಟು" ಎನ್ನುತ್ತಾನೆಯೇ, ಅಥವಾ ಬರಿಯ ಸಂಖ್ಯೆಯನ್ನು ಕೂಗುತ್ತಾನೆಯೇ. ಹಳಬರು ಏನು ಮಾಡುತ್ತಾರೆ. ತಡವಾದಾಗ ಮೊದಲು ಯಾರ ಧ್ವನಿ ಏರುತ್ತದೆ. ಆ ಏರಿದ ಧ್ವನಿ ಗಿರಾಕಿಯ ಮೇಜಿಗೆ ತಲುಪುವಷ್ಟರಲ್ಲಿ ಹೇಗೆ ಇಳಿದಿರುತ್ತದೆ. ಕಿಂಡಿಯಿಂದ ಮೇಜಿನವರೆಗಿನ ನಾಲ್ಕು ಹೆಜ್ಜೆಗಳಲ್ಲಿ ಒಬ್ಬ ಮನುಷ್ಯ ತನ್ನ ಸಿಟ್ಟನ್ನು ನುಂಗಿಕೊಳ್ಳುವುದು ಸಂಬಳದ ಚೀಟಿಯಲ್ಲಿ ಎಲ್ಲೂ ನಮೂದಾಗದ ದುಡಿಮೆ. ಅದು ನಿಮ್ಮ ಲೇಖನದಲ್ಲಿ ನಮೂದಾಗಬೇಕೆಂದು ನಾನು ಬಹಳವಾಗಿ ಬಯಸುತ್ತೇನೆ.

ಅಪರಿಚಿತರು ಒಂದೇ ಮೇಜನ್ನು ಹಂಚಿಕೊಳ್ಳುವ ಬಗ್ಗೆ ಬ್ರಹ್ಮಾವರದವರು ಲೆಕ್ಕದ ದೃಷ್ಟಿಯಿಂದ ಬರೆದರು. ಅದಕ್ಕೊಂದು ಚರಿತ್ರೆಯೂ ಇದೆ. ಕೋಟದ ಸಮೀಪದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಇಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಎಲ್ಲರೂ ಬಲ್ಲ ಹೋಟೆಲಿಗೆ ಮೊದಲಿದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದು. ಆ ಕಾಲದಲ್ಲಿ ಇಂಥ ಹೆಸರು ಅಸಹಜವೆನಿಸುತ್ತಿರಲಿಲ್ಲ. ಯಾರ ಜೊತೆ ಕುಳಿತು ತಿನ್ನುತ್ತೇವೆಂಬುದು ದಕ್ಷಿಣ ಭಾರತದ ಹೋಟೆಲುಗಳಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವು ಧರ್ಮ, ಜಾತಿ, ಲಿಂಗ, ಹುಟ್ಟಿದ ಊರುಗಳ ಕಾರಣದಿಂದ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಅಂಗಡಿಗಳ ಜೊತೆಗೆ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿಯೇ ಹೇಳಿದೆ. ರಥಬೀದಿಯ ಪಕ್ಕದಲ್ಲಿ ಯಾತ್ರಿಕರು, ಹೂ ಮಾರುವವರು, ಕಂಡಕ್ಟರು, ವಿದ್ಯಾರ್ಥಿನಿ ಒಂದೇ ಮೇಜಿನಲ್ಲಿ ಕುಳಿತು ಒಂದೇ ಚಟ್ನಿಯ ಪಾತ್ರೆಯಿಂದ ಬಡಿಸಿಕೊಳ್ಳುವುದು ಇಂದು ಯಾರ ಗಮನಕ್ಕೂ ಬಾರದಷ್ಟು ಸಹಜವಾಗಿದೆ. ನೀವು ಗಮನಿಸಿರಿ. ಹಾಗೆಯೇ ಯಾರು ಬಂದು ಕೂತಾಗ ಯಾರು ಕುರ್ಚಿಯನ್ನು ಒಂದಿಷ್ಟು ಸರಿಸುತ್ತಾರೆ, ಖಾಲಿ ಕುರ್ಚಿಯಿದ್ದರೂ ಯಾರು ನಿಂತು ಕಾಯುತ್ತಾರೆ ಎಂಬುದನ್ನೂ ನೋಡಿರಿ. ಮೇಜು ಎಲ್ಲರದೂ ಆದ ಮೇಲೂ ಉಳಿದಿರುವ ದೂರಗಳು ಇಂಥ ಸಣ್ಣ ಚಲನೆಗಳಲ್ಲಿಯೇ ಕಾಣಿಸುತ್ತವೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಗಿರಾಕಿ ಮತ್ತು ಕೆಲಸದವರನ್ನು ಒಂದೇ ರೀತಿಯಲ್ಲಿ ಗಮನಿಸಬಹುದೆಂದು ನನಗೆ ಅನ್ನಿಸುವುದಿಲ್ಲ. ಗಿರಾಕಿಗೆ ನಿಮ್ಮ ನೋಟ ಇಷ್ಟವಾಗದಿದ್ದರೆ ಎದ್ದು ಹೋಗಬಹುದು. ಸಪ್ಲಾಯರ್‌ಗೆ ಹಾಗೆ ಹೋಗಲು ಬರುವುದಿಲ್ಲ. ಆದ್ದರಿಂದ ಯಜಮಾನರ ಅನುಮತಿ ಪಡೆದ ಮೇಲೆ ಕೆಲಸದವರ ಒಪ್ಪಿಗೆಯನ್ನು ಬೇರೆಯಾಗಿ ಕೇಳಬೇಕು, ಅದೂ ಯಜಮಾನರ ಎದುರಿನಲ್ಲಿ ಕೇಳಬಾರದು, ಏಕೆಂದರೆ ಅಲ್ಲಿ "ಬೇಡ" ಎನ್ನುವುದು ಅವರಿಗೆ ಸುಲಭವಲ್ಲ. ತಿಳಿಸಿದರೆ ನಡವಳಿಕೆ ಬದಲಾಗುತ್ತದೆ ಎಂಬ ನಿಮ್ಮ ಆತಂಕ ಮೊದಲ ಕೆಲವು ದಿನಗಳ ಮಟ್ಟಿಗೆ ನಿಜ. ಆದರೆ ಎಂಟು ಗಂಟೆಯ ಜನ ನುಗ್ಗಿ ಬಂದಾಗ ನಿಮಗಾಗಿ ನಟಿಸುವಷ್ಟು ಬಿಡುವು ಯಾರಿಗೂ ಇರುವುದಿಲ್ಲ.

ಹೆಸರು ಬರೆಯದಿದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ಉಡುಪಿಯಂಥ ಊರಿನಲ್ಲಿ ಅದು ಸಾಲದು. "ರಥಬೀದಿಯ ಸಮೀಪದ ಹಳೆಯ ಹೋಟೆಲು, ಬಾಗಲಕೋಟೆಯ ಸಪ್ಲಾಯರ್, ತುಳು ಬಲ್ಲವರು" ಎಂದಷ್ಟು ಹೇಳಿದರೆ ಅಲ್ಲಿಗೆ ನಿತ್ಯ ಹೋಗುವವರು ಅವರನ್ನು ಗುರುತಿಸಿಬಿಡಬಹುದು. ಊರು, ವಯಸ್ಸು, ಕೆಲಸ ಇವುಗಳಲ್ಲಿ ಲೇಖನಕ್ಕೆ ಅಗತ್ಯವಾದ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡಿರಿ. ಕೆಲಸದವರಲ್ಲಿ ಯಾರಾದರೂ ತೀರ ಚಿಕ್ಕ ಹುಡುಗನಂತೆ ಕಂಡರೆ ಅದನ್ನು ಲೇಖನದ ವರ್ಣನೆಯಾಗಿ ಬಳಸಿ ಸುಮ್ಮನಾಗಬೇಡಿರಿ. 14 ವರ್ಷದೊಳಗಿನವರನ್ನು ಹೋಟೆಲು-ಡಾಬಾಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 1098ಕ್ಕೆ ಕರೆಮಾಡಿ ತಿಳಿಸಬೇಕಾದ ವಿಷಯ ಅದು.


ಉತ್ತರ: ಮಂಗಳೂರಿನ ಗಲ್ಲಾದವಳು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಇಬ್ಬರೂ ಹೋಟೆಲಿನ ಬಾಗಿಲನ್ನು ಬಿಟ್ಟುಬಿಟ್ಟಿದ್ದಾರೆ. ಮಂಗಳೂರಿನಲ್ಲಿ ನಮ್ಮ ಮನೆಯವರ ಹೋಟೆಲಿನ ಗಲ್ಲಾದಲ್ಲಿ ಕೂರುವವಳು ನಾನು. ಬಾಗಿಲಲ್ಲಿ ನಿಲ್ಲುವವರು ದಿನವಿಡೀ ನನ್ನ ಕಣ್ಣೆದುರು ಇರುತ್ತಾರೆ.

ಈಗಿನ ಹೋಟೆಲಿನಲ್ಲಿ ಗಿರಾಕಿಯೂ ಅಲ್ಲದ, ಕೆಲಸದವರೂ ಅಲ್ಲದ ಮೂರನೆಯ ಬಗೆಯವರಿದ್ದಾರೆ. ಸ್ವಿಗ್ಗಿ, ಜೊಮ್ಯಾಟೊ ಚೀಲ ಬೆನ್ನಿಗೆ ಹಾಕಿಕೊಂಡು ಬರುವ ಹುಡುಗರು. ಅವರ ಮೊಬೈಲಿನಲ್ಲಿ ಸಮಯ ಓಡುತ್ತಿರುತ್ತದೆ, ನಮ್ಮ ಕಾವಲಿ ತನ್ನ ಸರದಿಯಂತೆಯೇ ನಡೆಯುತ್ತದೆ. ಒಳಗೆ ಕುಳಿತವರಿಗೆ ಮೊದಲು ಕೊಡಬೇಕೇ, ಪಾರ್ಸೆಲಿಗೆ ಮೊದಲು ಕಟ್ಟಬೇಕೇ ಎಂಬುದು ಎಂಟು ಗಂಟೆಯ ಹೊತ್ತಿಗೆ ನಮ್ಮಲ್ಲಿ ದಿನವೂ ಏಳುವ ವಾದ. ಎದುರಿಗೇ ಕುಳಿತ ಗಿರಾಕಿಯ ಮುಖ ಸಪ್ಲಾಯರ್‌ಗೆ ಕಾಣುತ್ತದೆ. ಪಾರ್ಸೆಲು ಹೇಳಿದವರ ಮುಖ ಯಾರಿಗೂ ಕಾಣುವುದಿಲ್ಲ, ಅವರ ಬೇಸರವನ್ನು ಕೇಳಿಸಿಕೊಳ್ಳುವವನು ಬಾಗಿಲಲ್ಲಿ ನಿಂತ ಹುಡುಗ. ಮಳೆಯಲ್ಲಿ ನೆನೆದು ಬಂದವರು ಒಳಗೆ ನಿಂತರೆ ನೆಲ ಒದ್ದೆಯಾಗುತ್ತದೆಂದು ಹೊರಗೇ ನಿಲ್ಲಿಸುವ ಹೋಟೆಲುಗಳನ್ನು ನೋಡಿದ್ದೇನೆ. ನಮ್ಮಲ್ಲಿ ಜಗಲಿಯ ಮೇಲೆ ಒಂದು ಬೆಂಚು ಹಾಕಿ, ಪಕ್ಕದಲ್ಲಿ ಕುದಿಸಿದ ನೀರಿನ ಹೂಜಿ ಇಟ್ಟಿದ್ದೇವೆ. ಅದಾದ ಮೇಲೆ ಜಗಳ ಕಡಿಮೆಯಾಯಿತು, ಸಪ್ಲಾಯರ್‌ಗಳೂ ಅವರನ್ನು ಹೆಸರು ಹಿಡಿದು ಕರೆಯತೊಡಗಿದರು. ನೀವು ಗಮನಿಸುವ ಹೋಟೆಲಿನಲ್ಲಿ ಅವರು ಎಲ್ಲಿ ನಿಲ್ಲುತ್ತಾರೆ, ನೀರು ಕೇಳುತ್ತಾರೆಯೇ, ಕೇಳಿದರೆ ಯಾರು ಕೊಡುತ್ತಾರೆ ಎಂಬುದನ್ನು ನೋಡಿರಿ.

ಒಬ್ಬಳೇ ಬರುವ ಹೆಂಗಸನ್ನೂ ಗಮನಿಸಬೇಕು. ಹಿಂದೆ ಅವಳನ್ನು ಕೇಳದೆಯೇ ಫ್ಯಾಮಿಲಿ ರೂಮಿನ ಕಡೆಗೆ ಕೈ ತೋರಿಸುತ್ತಿದ್ದರು. ಈಗ ನರ್ಸುಗಳು, ಬ್ಯಾಂಕಿನವರು, ಕಾಲೇಜಿನವರು ಬಂದು ನಡುವಿನ ಮೇಜಿನಲ್ಲೇ ಕುಳಿತು ತಿಂದು ಹೋಗುತ್ತಾರೆ. ಆದರೂ ನಾಲ್ಕು ಕುರ್ಚಿಯ ಮೇಜಿನಲ್ಲಿ ಅವಳೊಬ್ಬಳೇ ಕುಳಿತಿದ್ದರೆ ಉಳಿದ ಮೂರು ಕುರ್ಚಿಗಳು ಎಷ್ಟೇ ಜನವಿದ್ದರೂ ತುಂಬುವುದು ತಡವಾಗಿಯೇ. ನಮ್ಮ ಹಿರಿಯ ಸಪ್ಲಾಯರ್ ಇದನ್ನು ಅರಿತು, ಕಾಯುತ್ತಿರುವವರಲ್ಲಿ ಇನ್ನೊಬ್ಬ ಹೆಂಗಸನ್ನೋ ವಯಸ್ಸಾದ ದಂಪತಿಯನ್ನೋ "ಇಲ್ಲಿ ಬನ್ನಿ ಅಮ್ಮ" ಎಂದು ಕರೆದು ಕೂರಿಸುತ್ತಾರೆ. ಕಾಯುತ್ತಿದ್ದವರಿಗೆ ಜಾಗ ಸಿಗುತ್ತದೆ, ಕುಳಿತವಳಿಗೆ ಮುಜುಗರವಾಗುವುದಿಲ್ಲ. ಇಂಥದ್ದನ್ನು ಅವರಿಗೆ ನಾವು ಹೇಳಿಕೊಟ್ಟದ್ದಲ್ಲ.

ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಆರಂಭವಾದ ಮೇಲೆ ನಿಂತು ತಿನ್ನುವ, ತಟ್ಟೆಯನ್ನು ತಾವೇ ಎತ್ತಿಕೊಳ್ಳುವ ಹೋಟೆಲುಗಳು ಎಲ್ಲೆಡೆ ಬಂದವು. ನಮ್ಮಲ್ಲಿಯೂ ಹಾಗೆ ಮಾಡಬೇಕೆಂಬ ಮಾತು ಆಗಾಗ ಬರುತ್ತದೆ, ಏಕೆಂದರೆ ಸಪ್ಲಾಯರ್ ಕೆಲಸಕ್ಕೆ ಜನ ಸಿಗುವುದು ಕಷ್ಟವಾಗಿದೆ. ಊರಿನ ಹುಡುಗರು ಈ ಕೆಲಸಕ್ಕೆ ಬರುವುದು ಬಹಳ ಕಡಿಮೆ. ಉತ್ತರ ಕರ್ನಾಟಕ, ಒಡಿಶಾ, ಅಸ್ಸಾಂ, ನೇಪಾಳದಿಂದ ಬಂದವರೇ ಕರಾವಳಿಯ ಎಷ್ಟೋ ಹೋಟೆಲುಗಳನ್ನು ನಡೆಸುತ್ತಿದ್ದಾರೆ. ಟೋಕನ್ ಪದ್ಧತಿ ಬಂದರೆ ಖರ್ಚು ಇಳಿಯುವುದು ನಿಜ. ಆದರೆ ಮೇಲೆ ಹೇಳಿದ ಹಿರಿಯರು ಮಾಡುವ ಕೆಲಸವನ್ನು ಟೋಕನ್ ಮಾಡುವುದಿಲ್ಲವಾದ್ದರಿಂದ ನಾನು ಮನೆಯಲ್ಲಿ ಅದಕ್ಕೆ ಇದುವರೆಗೆ ಒಪ್ಪಿಗೆ ಕೊಟ್ಟಿಲ್ಲ. ನಿಮ್ಮ ಲೇಖನ ಈಗಲೇ ಬರಬೇಕಾದದ್ದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಗಲ್ಲಾದ ಬಗ್ಗೆ ಒಂದು ಸೂಚನೆ. ಹಣದ ಪೆಟ್ಟಿಗೆಯ ನೇರಕ್ಕೆ ಕುಳಿತು ಪುಸ್ತಕದಲ್ಲಿ ಬರೆಯುತ್ತಿದ್ದರೆ ತೆರಿಗೆ ಇಲಾಖೆಯವರೆಂದೋ ಆಹಾರ ಸುರಕ್ಷತೆಯವರೆಂದೋ ಕೆಲಸದವರಿಗೆ ಗಾಬರಿಯಾಗುತ್ತದೆ. ಕಿಂಡಿ ಕಾಣುವ ಕಡೆ ಕುಳಿತು, ಗಲ್ಲಾದ ವಿವರಗಳನ್ನು ಯಜಮಾನರಿಂದಲೇ ಕೇಳಿ ಪಡೆಯಿರಿ.


ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಕಡಿಯಾಳಿಯ ಓದುಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಸೂಚಿಸಿದಂತೆ ಲೇಖನದಲ್ಲಿ ಆ ಸಪ್ಲಾಯರ್ ಅವರ ಊರನ್ನು ಬಿಡುತ್ತೇನೆ. ಅವರ ಮೂರು ಭಾಷೆಗಳು ಉಳಿದರೆ ಸಾಕು. ಒಂದು ಮಸಾಲೆದೋಸೆ, ಒಂದು ಸಜ್ಜಿಗೆ-ಅವಲಕ್ಕಿ, ಒಂದು ಪಾರ್ಸೆಲು, ಈ ಮೂರು ಆರ್ಡರುಗಳನ್ನು ಹಿಂಬಾಲಿಸಿ ಲೇಖನವನ್ನು ಕಟ್ಟಬಹುದೆಂದು ಈಗ ತೋಚುತ್ತಿದೆ. ಮಸಾಲೆದೋಸೆಯದು ಕಾವಲಿಗೆ ಕಾಯುವ ದಾರಿ, ಸಜ್ಜಿಗೆ-ಅವಲಕ್ಕಿಯದು ಹೇಳದೆಯೇ ಬರುವ ದಾರಿ, ಪಾರ್ಸೆಲಿನದು ಬಾಗಿಲಿಗೆ ಹೋಗುವ ದಾರಿ. ಮೂರೂ ಸೇರುವುದು ಕಿಂಡಿಯಲ್ಲಿ. ಯಜಮಾನರೊಡನೆ ಮಾತನಾಡಿದ್ದೇನೆ, ಅವರು ಒಪ್ಪಿದ್ದಾರೆ. ಕೆಲಸದವರನ್ನು ಅವರ ಬಿಡುವಿನ ಹೊತ್ತಿನಲ್ಲಿ ಪ್ರತ್ಯೇಕವಾಗಿ ಕೇಳುತ್ತೇನೆ.

ಬ್ರಹ್ಮಾವರದವರಲ್ಲಿ ಒಂದು ವಿನಂತಿ. ಅಡುಗೆಮನೆಯ ಒಳಗೆ ಒಮ್ಮೆ ನಿಂತು ನೋಡಬೇಕೆಂದಿದ್ದೇನೆ. ಯಾವ ಹೊತ್ತು ಸೂಕ್ತ? ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವದ ಸಮಯದಲ್ಲಿ ನೋಡಿದರೆ ಹೆಚ್ಚು ತಿಳಿಯುತ್ತದೆಯೇ?


ಉತ್ತರ: ಬ್ರಹ್ಮಾವರದ ಹೋಟೆಲಿನವನು

ಪರ್ಯಾಯದ ಹೊತ್ತಿನಲ್ಲಿ ಬೇಡ. ಎರಡು ವರ್ಷಕ್ಕೊಮ್ಮೆ ಜನವರಿ 17ರ ರಾತ್ರಿಯಿಂದ 18ರ ಬೆಳಗಿನವರೆಗೆ ಉಡುಪಿಯ ಬೀದಿಗಳಲ್ಲಿ ಜನ ತುಂಬಿರುವಾಗ ಹೋಟೆಲುಗಳು ತಮ್ಮ ದಿನನಿತ್ಯದ ಕ್ರಮವನ್ನೇ ಬದಲಿಸಿಕೊಂಡಿರುತ್ತವೆ. ತಿಂಡಿಗಳನ್ನು ಕಡಿಮೆ ಮಾಡಿ, ಹೆಚ್ಚುವರಿ ಜನರನ್ನು ಕರೆಸಿ, ಬೇಗ ಬಡಿಸಬಹುದಾದದ್ದನ್ನು ಮಾತ್ರ ಇಟ್ಟುಕೊಂಡಿರುತ್ತವೆ. ನಿಮಗೆ ಬೇಕಾದದ್ದು ಸಾಮಾನ್ಯ ದಿನ. ಮಠದಲ್ಲಿ ಊಟವಿಲ್ಲದ ಏಕಾದಶಿಯ ದಿನವನ್ನೂ ಒಂದು ಭಾನುವಾರವನ್ನೂ ಜೊತೆಗೆ ನೋಡಿದರೆ ಹೋಲಿಕೆಗೆ ಸಾಕು.

ಒಳಗೆ ಹೋಗಲು ಮಧ್ಯಾಹ್ನ ಮೂರರ ಮೇಲೆ, ಸಂಜೆಯ ಗೋಳಿಬಜೆಗೆ ಎಣ್ಣೆ ಕಾಯಿಸುವ ಮೊದಲು ಕೇಳಿರಿ. ಚಪ್ಪಲಿ ಹೊರಗೆ ಬಿಡಿರಿ. ರುಬ್ಬುವ ಯಂತ್ರದ ಕಡೆಯ ನೆಲ ಜಾರುತ್ತದೆ, ಅಲ್ಲಿ ನಿಲ್ಲಬೇಡಿರಿ. ಕಿಂಡಿಯ ಬಲಕ್ಕೆ, ತಟ್ಟೆಗಳನ್ನು ಒರೆಸಿಡುವ ಮೂಲೆಯಿದ್ದರೆ ಅದು ಒಳ್ಳೆಯದು. ಅಲ್ಲಿ ನಿಂತು ಹೊರಗೆ ನೋಡಿದರೆ ಮೇಜುಗಳು ಭಟ್ಟರಿಗೆ ಎಷ್ಟು ಕಾಣುತ್ತವೆಂಬುದು ತಿಳಿಯುತ್ತದೆ. ನನ್ನ ಹೋಟೆಲಿನಲ್ಲಿ ಎರಡು ಮೇಜು ಮತ್ತು ಬಾಗಿಲಿನ ಅರ್ಧ ಭಾಗ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಅವರಿಗೆ ಸಪ್ಲಾಯರ್‌ನ ಧ್ವನಿಯಿಂದಲೇ ಗೊತ್ತಾಗಬೇಕು. ನಿಮ್ಮ ಹೋಟೆಲಿನಲ್ಲಿ ಎಷ್ಟು ಕಾಣುತ್ತದೆಂದು ಬರೆದು ತಿಳಿಸಿರಿ.